ಕರೆದಿದ್ದೆವು, ಅವರು ಬರಲೇ ಇಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ನಾಟಕ, ಹಾಡು, ಕಥೆ, ಕಸೂತಿ ಯಾವುದಾದರೂ ಆಗಲಿ, ಬೇರೆ ಬೇರೆ ಹಿನ್ನೆಲೆಯ ಜನ ಒಟ್ಟಿಗೆ ಸೇರಿ ಮಾಡುವುದು ಹೇಗೆ, ಯಾರಿಗೂ "ನಾನು ಹೊರಗಿನವನು" ಅನ್ನಿಸದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ. ಏಳು ಪತ್ರ ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ ಇದೆ, ಒಂದಕ್ಕೆ ಎರಡೇ ಮಾತು. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಎಲ್ಲರೂ ಸೇರಲಿ ಅಂತ ಈ ವರ್ಷ ನಾಟಕದ ವಿಷಯವನ್ನೂ ಹಾಗೇ ಆರಿಸಿದೆವು. ಪೋಸ್ಟರ್ ಅಂಟಿಸಿದೆವು, ಪ್ರವೇಶ ಉಚಿತ ಎಂದೆವು, ಅಂಗವಿಕಲರಿಗೂ ಬೇರೆ ಕಡೆಯಿಂದ ವಲಸೆ ಬಂದ ಕುಟುಂಬಗಳಿಗೂ ಮುಂದಿನ ಸಾಲು ಕಾದಿರಿಸಿದೆವು. ಒಬ್ಬರೂ ಬರಲಿಲ್ಲ. ಕರೆದರೂ ಬರದವರಿಗೆ ನಾವೇನು ಮಾಡೋಕಾಗುತ್ತೆ?

ನಿಮಗೆ ಬೇಜಾರಾಗಿದೆ, ಗೊತ್ತಾಗುತ್ತದೆ. ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ ನೋಡಿ. ವಿಷಯ ಆರಿಸಿದ್ದು ನೀವು. ಬರೆದದ್ದು ನೀವು. ಆಡಿದ್ದು ನೀವು. ಯಾರು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡಿದ್ದೂ ನೀವೇ. ಅವರ ಪಾಲಿಗೆ ಉಳಿದದ್ದು ಬಂದು ಕೂತು ಚಪ್ಪಾಳೆ ತಟ್ಟುವ ಕೆಲಸ ಮಾತ್ರ. ಅದಕ್ಕೆ ಅಷ್ಟು ದೂರ ಯಾರು ಬರುತ್ತಾರೆ?

ಇದನ್ನು ಬೈಯುವ ಧಾಟಿಯಲ್ಲಿ ಹೇಳುತ್ತಿಲ್ಲ, ಯಾಕೆಂದರೆ ಇದೇ ತಪ್ಪು ನಾನೂ ಮಾಡಿದ್ದೇನೆ. ಒಮ್ಮೆ ಕವಿತೆ ಓದುವ ಒಂದು ಸಂಜೆ ಏರ್ಪಡಿಸಿದ್ದೆ. ಓದುವವರಲ್ಲಿ ಒಬ್ಬರು ವೀಲ್‌ಚೇರ್ ಬಳಸುತ್ತಿದ್ದರು. ಸಭಾಂಗಣದವರಿಗೆ ಫೋನ್ ಮಾಡಿ ರ‍್ಯಾಂಪ್ ಇದೆಯಾ ಅಂತ ಎರಡು ಸಲ ಕೇಳಿದ್ದೆ, ಇದೆ ಅಂದಿದ್ದರು. ನಿಜವಾಗಿಯೂ ಇತ್ತು, ಬಾಗಿಲಿನ ತನಕ. ಒಳಗೆ ವೇದಿಕೆಗೆ ಹೋಗಲು ಮಾತ್ರ ಮೆಟ್ಟಿಲು. ಆ ಕಟ್ಟಡ ಕಟ್ಟಿದವರ ತಲೆಯಲ್ಲಿ ವೀಲ್‌ಚೇರ್‌ನಲ್ಲಿ ಬರುವವರು ಪ್ರೇಕ್ಷಕರು, ಅಷ್ಟೇ. ಅವರು ಮೈಕಿನ ಮುಂದೆಯೂ ಬರಬಹುದು ಅನ್ನುವುದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ ನೋಡಿ, ಹೊಳೆದಿದ್ದರೆ ಅವರನ್ನೇ ಒಂದು ಸಲ ಮುಂಚೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ನಾಲ್ಕು ಜನ ಎತ್ತಿಕೊಂಡು ಹೋಗುತ್ತೇವೆ ಎಂದು ಮುಂದೆ ಬಂದರು. ಅವರು ಬೇಡ ಅಂದರು. ಕೆಳಗಿನಿಂದಲೇ ಓದಿದರು. ಚೆನ್ನಾಗಿಯೇ ಓದಿದರು, ಆದರೆ ನನಗೆ ಒಂದು ಸಾಲೂ ಕಿವಿಗೆ ಬೀಳಲಿಲ್ಲ.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಅವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತ್ತು. 1960ರ ದಶಕದ ಆರಂಭದಲ್ಲಿ ಅವರ ತಂಡ ಆ ದೇಶದ ಈಶಾನ್ಯ ಭಾಗದ ಬಡ ರೈತರ ನಡುವೆ ನಾಟಕ ಆಡುತ್ತಿತ್ತು. ಭೂಮಿಗಾಗಿ ರಕ್ತ ಕೊಡೋಣ ಎಂದು ಬಂದೂಕು ಎತ್ತಿ ಹಾಡುವ ನಾಟಕ. ಒಂದು ಕಡೆ ಆಟ ಮುಗಿದ ಮೇಲೆ ರೈತನೊಬ್ಬ ಖುಷಿಯಿಂದ ಬಂದ. ಬನ್ನಿ, ನಿಮ್ಮ ಬಂದೂಕು ತಗೊಂಡು ಈಗಲೇ ಜಮೀನ್ದಾರನ ಮೇಲೆ ಹೋಗೋಣ ಎಂದ. ಬಂದೂಕು ಮರದ್ದು ಎಂದು ಇವರು ತೊದಲಿದರು. ಹಾಗಾದರೆ ನೀವಾದರೂ ಬನ್ನಿ, ನಮ್ಮ ಹತ್ತಿರ ಸಾಕಷ್ಟು ಬಂದೂಕು ಇವೆ ಎಂದ ಅವನು. ನಾವು ಕಲಾವಿದರು, ರೈತರಲ್ಲ ಎಂದು ಇವರು ಹಿಂದೆ ಸರಿದರು. ಅಂದರೆ ನೀವು ಕೊಡೋಣ ಎಂದದ್ದು ನಮ್ಮ ರಕ್ತ, ನಿಮ್ಮದಲ್ಲ, ಅಲ್ಲವಾ ಎಂದು ಆತ ಕೇಳಿದ. ಬೋಲ್ ಈ ಅವಮಾನವನ್ನು ತಾವೇ ಬರೆದುಕೊಂಡಿದ್ದಾರೆ. ಆಮೇಲೆ ಅವರು ಬೇರೆಯವರ ಪರವಾಗಿ ಉಪದೇಶ ಮಾಡುವ ನಾಟಕವನ್ನೇ ಬಿಟ್ಟರು.

ಬಿಟ್ಟು ಕಟ್ಟಿದ್ದು ಏನು ಅಂದರೆ ಫೋರಂ ಥಿಯೇಟರ್. 1973ರಲ್ಲಿ, ಅವರು ದೇಶಭ್ರಷ್ಟರಾಗಿದ್ದ ಕಾಲದಲ್ಲಿ, ಪೆರುವಿನಲ್ಲಿ ಇದು ರೂಪ ಪಡೆಯಿತು. ಒಂದು ಚಿಕ್ಕ ದೃಶ್ಯ, ನೋಡುವವರ ಬದುಕಿನದ್ದೇ, ಕೆಟ್ಟದಾಗಿ ಮುಗಿಯುವಂಥದ್ದು. ಅದನ್ನೇ ಎರಡನೇ ಸಲ ಆಡುತ್ತಾರೆ. ಈ ಸಲ ಪ್ರೇಕ್ಷಕರಲ್ಲಿ ಯಾರು ಬೇಕಾದರೂ "ನಿಲ್ಲಿಸಿ" ಅನ್ನಬಹುದು, ಎದ್ದು ಬಂದು ಆ ಪಾತ್ರದ ಜಾಗದಲ್ಲಿ ನಿಂತು ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಆಡಿ ತೋರಿಸಬಹುದು. 1993ರಿಂದ 1996ರವರೆಗೆ ಬೋಲ್ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದಾಗ ಇದೇ ರೀತಿ ಜನರ ಜತೆ ಆಡಿದ ದೃಶ್ಯಗಳಿಂದ 13 ಕಾನೂನುಗಳು ಪಾಸಾದವು. ನಾಟಕದಿಂದ ಏನಾಗುತ್ತೆ ಎಂದು ಕೇಳುವವರಿಗೆ ನಾನು ಈ 13ರ ಲೆಕ್ಕ ಹೇಳುತ್ತೇನೆ.

ನೀವು ಮುಂದಿನ ಸಲ ಸ್ಕ್ರಿಪ್ಟ್ ಇಟ್ಟುಕೊಂಡು ಹೋಗಬೇಡಿ. ಬರೆಯುವ ಮೊದಲೇ ಹೋಗಿ, ಅವರನ್ನು ನಿಮ್ಮ ಕಡೆ ಕರೆಯುವ ಬದಲು ಅವರು ಸೇರುವ ಕಡೆಗೇ ಹೋಗಿ, ಅವರಿಗೆ ಬಿಡುವಿರುವ ಹೊತ್ತು ಕೇಳಿಕೊಂಡು ಹೋಗಿ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ವಾಪಸು ಹೋಗುವುದು ಹೇಗೆ ಇವೆಲ್ಲ ಸಣ್ಣ ಪ್ರಶ್ನೆಗಳಲ್ಲ. ಜನ ಬರದೆ ಇರುವುದು ಬಹಳ ಸಲ ಇಂಥ ಕಾರಣಕ್ಕೇ. ಅವರನ್ನು ಏನೆಂದು ಕರೆಯಬೇಕು ಅನ್ನುವುದನ್ನೂ ಅವರನ್ನೇ ಕೇಳಿ. ವಿಕಲಚೇತನ, ವಿಶೇಷಚೇತನ ಎಂದು ನಾವು ಹೊಸ ಹೊಸ ಪದ ಹುಟ್ಟುಹಾಕುತ್ತಲೇ ಇರುತ್ತೇವೆ, ಆ ಜನರನ್ನು ಒಂದು ಮಾತು ಕೇಳಿರುವುದಿಲ್ಲ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನನ್ನ ತರಗತಿಯಲ್ಲಿ ಆಟಿಸಂ ಇರುವ ಹುಡುಗನೊಬ್ಬನಿದ್ದಾನೆ. ನಾಟಕದಲ್ಲಿ ಅವನೂ ಇರಲಿ ಎಂದು ಮರದ ಪಾತ್ರ ಕೊಟ್ಟೆ. ಪ್ರದರ್ಶನದ ಮಧ್ಯೆ ಕಿವಿ ಮುಚ್ಚಿಕೊಂಡು ಓಡಿಹೋದ. ಅವನ ಅಮ್ಮ ಅತ್ತರು. ಅವನನ್ನು ಸೇರಿಸಿದ್ದೇ ತಪ್ಪಾಯಿತೇ?

ಸೇರಿಸಿದ್ದು ತಪ್ಪಲ್ಲ. ಮರ ಮಾಡಿದ್ದು ತಪ್ಪು.

ಸಿಟ್ಟಾಗಬೇಡಿ, ಮೇಡಂ. ಶಾಲೆ ನಾಟಕದ ಮರಗಳ ಬಗ್ಗೆ ನನಗೆ ಹಳೆಯ ತಕರಾರಿದೆ. ಮಾತಾಡಲು ಬಾರದವರು ಎಂದು ನಾವು ಅಂದುಕೊಂಡ ಮಕ್ಕಳೆಲ್ಲ ಅಲ್ಲಿ ಮರ, ಕಲ್ಲು, ಮೋಡ ಆಗಿ ಒಂದು ಗಂಟೆ ನಿಂತಿರುತ್ತಾರೆ. ಜೋರು ಸ್ಪೀಕರ್, ಕಣ್ಣಿಗೆ ಹೊಡೆಯುವ ಲೈಟು, ಮೈ ತುರಿಸುವ ಬಟ್ಟೆ, ಮತ್ತು ಅಲ್ಲಾಡದೆ ನಿಲ್ಲಬೇಕೆಂಬ ಆಜ್ಞೆ. ಶಬ್ದ, ಬೆಳಕು, ಬಟ್ಟೆಯ ಸ್ಪರ್ಶ ಜಾಸ್ತಿ ತಟ್ಟುವ ಮಗುವಿಗೆ ಇದಕ್ಕಿಂತ ಕಷ್ಟದ ಪಾತ್ರ ಹುಡುಕಿದರೂ ಸಿಗುವುದಿಲ್ಲ. ಅವನು ಓಡಿದ್ದು ಸರಿಯಾಗಿಯೇ ಇದೆ.

ಈಗ ಎಷ್ಟೋ ಕಡೆ ರಂಗಮಂದಿರಗಳು "ರಿಲ್ಯಾಕ್ಸ್ಡ್" ಪ್ರದರ್ಶನ ಅಂತ ಮಾಡುತ್ತವೆ. ಸಭಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ. ದಿಢೀರ್ ಶಬ್ದ ಕಡಿಮೆ ಮಾಡುತ್ತಾರೆ. ಮಧ್ಯೆ ಎದ್ದು ಹೋಗಬಹುದು, ವಾಪಸು ಬರಬಹುದು, ಜೋರಾಗಿ ಮಾತಾಡಿದರೂ ಯಾರೂ ಶ್ ಅನ್ನುವುದಿಲ್ಲ. ಹೊರಗೆ ಒಂದು ಶಾಂತ ಕೋಣೆ ಇರುತ್ತದೆ. ನಾಟಕದಲ್ಲಿ ಏನೇನು ಬರುತ್ತದೆ ಅಂತ ಫೋಟೊ ಹಾಕಿ ಮೊದಲೇ ಒಂದು ಪುಟ ಕಳಿಸುತ್ತಾರೆ. ಇದರಲ್ಲಿ ದುಡ್ಡು ಖರ್ಚಾಗುವಂಥದ್ದು ಹೆಚ್ಚೇನೂ ಇಲ್ಲ, ನಿಮ್ಮ ಶಾಲೆಯಲ್ಲೂ ಮಾಡಬಹುದು. ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರೂ, ವಯಸ್ಸಾದವರೂ ಇದರಿಂದ ಖುಷಿಪಡುತ್ತಾರೆ.

ಪಾತ್ರದ ವಿಷಯಕ್ಕೆ ಬಂದರೆ, ಅವನಿಗೆ ಏನು ಇಷ್ಟ ಅಂತ ನಿಮ್ಮ ಪತ್ರದಲ್ಲಿ ಇಲ್ಲ. ರೈಲಾ, ನಕ್ಷೆಯಾ, ಒಂದೇ ತಾಳ ಬಾರಿಸುವುದಾ? ಅಲ್ಲಿಂದ ಶುರು ಮಾಡಿ. ದೃಶ್ಯ ಬದಲಾಗುವಾಗ ಗಂಟೆ ಹೊಡೆಯುವ ಕೆಲಸ ಇರಬಹುದು, ಲೈಟಿನ ಸ್ವಿಚ್ ಇರಬಹುದು, ಅವನ ಇಷ್ಟದ ಪದ ಬರುವ ಎರಡು ಸಾಲು ಮಾತೂ ಇರಬಹುದು. ನಾನು ನೋಡುವುದು ಒಂದೇ: ಅವತ್ತು ಅವನು ಬರದಿದ್ದರೆ ನಾಟಕ ನಿಲ್ಲಬೇಕು, "ಅಯ್ಯೋ ಅವನು ಎಲ್ಲಿ?" ಅಂತ ಉಳಿದ ಮಕ್ಕಳು ಹುಡುಕಬೇಕು. ಮರ ಇಲ್ಲದಿದ್ದರೆ ಯಾರೂ ಹುಡುಕುವುದಿಲ್ಲ. ಹಾಗೆಂದು ಅವನನ್ನು ಯಾವಾಗಲೂ ತೆರೆಯ ಹಿಂದೆಯೇ ಇಡಬೇಡಿ, ಅದು ಇನ್ನೊಂದು ರೀತಿಯ ಮರ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ನಾಲ್ಕೈದು ಭಾಷೆಯವರಿದ್ದಾರೆ, ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಜನ ಬೇಗ ಹತ್ತಿರವಾಗಲು ಯಾವುದು ಒಳ್ಳೆಯದು, ಹಾಡೋ, ನಾಟಕವೋ, ಕರಕುಶಲವೋ?

ಬೇಗ ಅಂದರೆ ಹಾಡು. ಇದನ್ನು ಆಕ್ಸ್‌ಫರ್ಡ್‌ನ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಹೊಸದಾಗಿ ಹಾಡಿನ ತರಗತಿಗೆ ಸೇರಿದ ವಯಸ್ಕರನ್ನೂ, ಕರಕುಶಲ ಮತ್ತು ಕಥೆ ಬರೆಯುವ ತರಗತಿಗೆ ಸೇರಿದವರನ್ನೂ ಏಳು ತಿಂಗಳು ಹಿಂಬಾಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು. ಆದರೆ ಏಳನೇ ತಿಂಗಳ ಹೊತ್ತಿಗೆ ಎಲ್ಲ ತರಗತಿಗಳೂ ಸಮ ಸಮ. ಅಂದರೆ ನಿಮಗೆ ಎರಡೇ ವಾರ ಇದ್ದರೆ ಹಾಡಿ, ವರ್ಷವಿಡೀ ಸೇರುತ್ತೀರಾದರೆ ಏನು ಬೇಕಾದರೂ ಮಾಡಿ.

ಕಿವಿ ಕೇಳಿಸದ ಆ ಇಬ್ಬರನ್ನು ಮರೆತು ಈ ಮಾತು ಹೇಳಲಾಗುವುದಿಲ್ಲ. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಎಲ್ಲ ಮುಗಿಸಿ ಕೊನೆಗೆ ವೇದಿಕೆಯ ಮೂಲೆಯಲ್ಲಿ ಸನ್ನೆ ಭಾಷೆಯವರೊಬ್ಬರನ್ನು ನಿಲ್ಲಿಸುತ್ತೇವೆ, ಅವರ ಮೇಲೆ ಲೈಟೂ ಬೀಳುತ್ತಿರುವುದಿಲ್ಲ. ಅಮೆರಿಕದ ನ್ಯಾಷನಲ್ ಥಿಯೇಟರ್ ಆಫ್ ದ ಡೆಫ್ ಎಂಬ ಕಿವಿ ಕೇಳಿಸದವರ ನಾಟಕ ತಂಡ 1967ರಲ್ಲಿ ಶುರುವಾದಾಗಲೇ ಬೇರೆ ದಾರಿ ಹಿಡಿಯಿತು. ಸನ್ನೆ ಮಾಡುವ ನಟರೂ ಮಾತಾಡುವ ನಟರೂ ಒಂದೇ ರಂಗದ ಮೇಲೆ, ಒಂದೇ ಮಾತನ್ನು ಒಟ್ಟಿಗೆ ಹೇಳುತ್ತಾರೆ. ಬ್ರಿಟನ್ನಿನ ಗ್ರೇಆಯ್ ತಂಡ 1980ರಿಂದ ಇದೆ, ನಡೆಸುವವರು ಅಂಗವಿಕಲ ಕಲಾವಿದರು. ಅಲ್ಲಿ ಸನ್ನೆ, ತೆರೆಯ ಮೇಲಿನ ಅಕ್ಷರ, ಕಣ್ಣು ಕಾಣದವರಿಗೆ ದೃಶ್ಯದ ವಿವರಣೆ ಎಲ್ಲವನ್ನೂ ನಾಟಕ ಬರೆಯುವಾಗಲೇ ಒಳಗೆ ಹೆಣೆಯುತ್ತಾರೆ. ನಿಮ್ಮ ಹಾಡಿನ ಒಂದು ಸಾಲು ಪೂರ್ತಿ ಸನ್ನೆಯಲ್ಲೇ ಇರಲಿ, ಧ್ವನಿಯೇ ಬೇಡ. ಆ ಇಬ್ಬರು ಉಳಿದವರಿಗೆ ಕಲಿಸಲಿ. ಅವತ್ತು ತಡವರಿಸುವವರು ಯಾರು ಅಂತ ನೋಡಿ, ಮಜಾ ಇರುತ್ತದೆ.

ಪ್ರಶ್ನೆ: ಸಂಭಾವನೆ ಕೊಡಲು ನಮ್ಮಲ್ಲಿ ಹಣ ಇಲ್ಲ. ಆ ಸಮುದಾಯದವರು ಬಂದು ತಮ್ಮ ಅನುಭವ ಹೇಳಿಕೊಂಡರೆ ಅವರಿಗೂ ವೇದಿಕೆ ಸಿಕ್ಕಂತಾಗುತ್ತದೆ, ಅಲ್ಲವೇ?

ಮೈಕಿನವರಿಗೆ ಕೊಡುತ್ತೀರಾ? ಬ್ಯಾನರ್ ಮಾಡಿದವರಿಗೆ ಕೊಡುತ್ತೀರಾ? ಹಾಗಾದರೆ ಇವರಿಗೂ ಕೊಡಿ.

ಪ್ರಶ್ನೆ: ನಾನು ಮಕ್ಕಳ ಕಥೆ ಬರೆಯುತ್ತೇನೆ. ನನ್ನದಲ್ಲದ ಸಮುದಾಯದ ಮಗುವನ್ನು ಮುಖ್ಯ ಪಾತ್ರ ಮಾಡುವ ಆಸೆ. ಮಾಡಿದರೆ "ನಿನಗೇನು ಹಕ್ಕು" ಅನ್ನುತ್ತಾರೆ, ಮಾಡದಿದ್ದರೆ "ನಿನ್ನ ಕಥೆಯಲ್ಲಿ ಬರೀ ನಿಮ್ಮವರೇ" ಅನ್ನುತ್ತಾರೆ. ಬರೆಯಲೋ ಬೇಡವೋ?

ಬರೆಯಿರಿ. ಆದರೆ ಈ ಜಗಳದ ಹಿಂದಿನ ಲೆಕ್ಕ ಗೊತ್ತಿದ್ದರೆ ಬರೆಯುವಾಗ ಕೈ ಸ್ವಲ್ಪ ಹುಷಾರಾಗುತ್ತದೆ.

1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಅಮೆರಿಕದ ಶಿಕ್ಷಣತಜ್ಞೆ ಮೂರು ವರ್ಷದಲ್ಲಿ ಅಲ್ಲಿ ಬಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ಹಾಕಿದರು. ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣಿಸಿಕೊಂಡ ಪುಸ್ತಕ 349. ನೂರಕ್ಕೆ ಏಳೂ ಇಲ್ಲ. ಇದು ಪುಸ್ತಕದ ಒಳಗೆ ಯಾರಿದ್ದಾರೆ ಅನ್ನುವ ಲೆಕ್ಕ. ಇಪ್ಪತ್ತು ವರ್ಷದ ನಂತರ, 1985ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು ಇನ್ನೊಂದು ಲೆಕ್ಕ ಶುರು ಮಾಡಿದರು: ಪುಸ್ತಕ ಮಾಡಿದವರು ಯಾರು? ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಜನಾಂಗದವರು ಬರೆದದ್ದು ಅಥವಾ ಚಿತ್ರ ಬಿಡಿಸಿದ್ದು 18. ಹದಿನೆಂಟೇ. ಈ ಎರಡು ಲೆಕ್ಕ ಬೇರೆ ಬೇರೆ ಅಂತ ನಮಗೆ ಬಹಳ ಸಲ ಮರೆತುಹೋಗುತ್ತದೆ. ಪಾತ್ರ ಒಳಗೆ ಬಂದ ಮಾತ್ರಕ್ಕೆ ಬರೆಯುವವರು ಒಳಗೆ ಬಂದಂತಲ್ಲ.

1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ ಎಂಬ ಬಿಳಿಯ ಲೇಖಕ, ಪೋಲೆಂಡ್‌ನಿಂದ ಬಂದ ಯಹೂದಿ ದಂಪತಿಯ ಮಗ, ಒಂದು ಚಿತ್ರಪುಸ್ತಕ ಮಾಡಿದರು. ಕೆಂಪು ಕೋಟು ಹಾಕಿದ ಪುಟ್ಟ ಕಪ್ಪು ಹುಡುಗ ಹಿಮದಲ್ಲಿ ಆಡುತ್ತಾನೆ. ಕಥೆ ಅಷ್ಟೇ. ಅವನ ಬಣ್ಣದ ಬಗ್ಗೆ ಒಂದು ಪದ ಇಲ್ಲ, ಕಷ್ಟ ಕಣ್ಣೀರು ಇಲ್ಲ. ಮರುವರ್ಷ ಅಮೆರಿಕದ ಅತಿದೊಡ್ಡ ಚಿತ್ರಪುಸ್ತಕ ಪ್ರಶಸ್ತಿಯಾದ ಕ್ಯಾಲ್ಡಿಕಾಟ್ ಅದಕ್ಕೆ ಬಂತು. ಹಾಗಿದ್ದೂ ಲ್ಯಾರಿಕ್ ತಮ್ಮ ಲೇಖನದಲ್ಲಿ ಆ ಪುಸ್ತಕದ ತಾಯಿಯ ಚಿತ್ರವನ್ನು ಟೀಕಿಸಿದರು. ಒಳ್ಳೆಯ ಕೆಲಸಕ್ಕೂ ಬೈಗುಳ ತಪ್ಪುವುದಿಲ್ಲ, ಅದನ್ನು ಕೇಳಿಸಿಕೊಳ್ಳುವಷ್ಟು ದಪ್ಪ ಚರ್ಮ ನಿಮಗೆ ಬೇಕು. ನನಗೆ ಆ ಪುಸ್ತಕದಲ್ಲಿ ಇಷ್ಟವಾಗುವುದು ಅದರ ಸುಮ್ನೆ ಇರುವ ಗುಣ. ಹೊರಗಿನಿಂದ ಬರೆಯುವವರು ಸಾಮಾನ್ಯವಾಗಿ ಆ ಸಮುದಾಯದ ನೋವನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ನೋವು ಅವರೇ ಬರೆಯಲಿ. ನೀವು ಆ ಮಗುವಿಗೆ ಆಡಲು ಒಂದು ಬೆಳಗ್ಗೆ ಕೊಡಿ.

ರುಡೀನ್ ಸಿಮ್ಸ್ ಬಿಷಪ್ ಅನ್ನುವ ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ 1990ರಲ್ಲಿ ಮಕ್ಕಳ ಪುಸ್ತಕವನ್ನು ತನ್ನನ್ನೇ ಕಾಣುವ ಕನ್ನಡಿಗೆ, ಬೇರೆಯವರ ಬದುಕು ಕಾಣುವ ಕಿಟಕಿಗೆ, ಆ ಬದುಕಿನೊಳಗೆ ಹೋಗಲು ಬಿಡುವ ಗಾಜಿನ ಜಾರುಬಾಗಿಲಿಗೆ ಹೋಲಿಸಿದರು. ನಿಮ್ಮ ಕಥೆ ನಿಮ್ಮಂಥ ಮಕ್ಕಳಿಗೆ ಕಿಟಕಿ ಆಗುತ್ತದೆ, ಸರಿ. ಆದರೆ ಆ ಸಮುದಾಯದ ಮಗುವಿಗೆ ಅದು ಕನ್ನಡಿ. ಕನ್ನಡಿ ಡೊಂಕಾಗಿದ್ದರೆ ನಿಮಗೆ ತಿಳಿಯುವುದಿಲ್ಲ, ಆ ಮಗುವಿಗೆ ಮೊದಲ ಪುಟದಲ್ಲೇ ತಿಳಿಯುತ್ತದೆ. ಹಾಗಾಗಿ ಅಚ್ಚಿಗೆ ಹೋಗುವ ಮೊದಲು ಅಲ್ಲಿಯ ಇಬ್ಬರು ಮೂವರಿಗೆ ಓದಲು ಕೊಡಿ. ಒಬ್ಬರಿಗೇ ಕೊಟ್ಟು "ಅವರು ಒಪ್ಪಿದ್ದಾರೆ" ಅನ್ನಬೇಡಿ, ಒಬ್ಬರು ಇಡೀ ಸಮುದಾಯದ ಸಹಿ ಅಲ್ಲ. ಅವರು ತಿದ್ದು ಅಂದದ್ದನ್ನು ತಿದ್ದಲು ಸಮಯ ಇರುವಾಗಲೇ ಕೊಡಿ. ಚಿತ್ರ ಬಿಡಿಸಲು ಅಲ್ಲಿಯವರೇ ಸಿಗುತ್ತಾರಾ ನೋಡಿ, ಪ್ರಕಾಶಕರಿಗೆ ಅಲ್ಲಿಯ ಒಬ್ಬ ಲೇಖಕರ ಹೆಸರು ಹೇಳಿ. ಇದನ್ನು ಯಾರೂ ನಿಮ್ಮಿಂದ ಕೇಳುವುದಿಲ್ಲ, ಆದರೂ ಹೇಳಿ.

ಪ್ರಶ್ನೆ: "ನಮಗೆ ಕಲೆ ಗಿಲೆ ಬರಲ್ಲ" ಅನ್ನುವವರನ್ನು ಸೇರಿಸುವುದು ಹೇಗೆ? ನಮ್ಮಲ್ಲಿ ಯಾವಾಗ ನೋಡಿದರೂ ಅದೇ ಹತ್ತು ಪ್ರತಿಭಾವಂತರು.

ಪ್ರತಿಭೆ ಬೇಕಾಗದ ಹಾಗೆ ಕೆಲಸವನ್ನೇ ರೂಪಿಸಬೇಕು. ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಒಂದು ಕೌದಿ.

1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಮೇಣದಬತ್ತಿ ಮೆರವಣಿಗೆ ನಡೆಯಿತು. ಏಡ್ಸ್‌ನಿಂದ ತೀರಿಕೊಂಡ ಗೆಳೆಯರ ಹೆಸರು ಹಾಳೆಯ ಮೇಲೆ ಬರೆದುಕೊಂಡು ಬನ್ನಿ ಎಂದು ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತ ಕೇಳಿಕೊಂಡಿದ್ದರು. ಆ ಹಾಳೆಗಳನ್ನೆಲ್ಲ ಒಂದು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದಾಗ ಅದು ತುಂಡು ಬಟ್ಟೆ ಜೋಡಿಸಿ ಹೊಲಿದ ಕೌದಿಯಂತೆ ಕಂಡಿತು. ಅಲ್ಲಿಂದ ಹುಟ್ಟಿದ್ದು ಏಡ್ಸ್ ಸ್ಮಾರಕ ಕೌದಿ. ಒಬ್ಬೊಬ್ಬರ ನೆನಪಿಗೆ ಒಂದು ತುಂಡು, ಮೂರು ಅಡಿ ಅಗಲ, ಆರು ಅಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಆಗ ಎಷ್ಟೋ ಶವಸಂಸ್ಕಾರದವರು ಆ ದೇಹಗಳನ್ನು ಮುಟ್ಟಲು ಒಪ್ಪುತ್ತಿರಲಿಲ್ಲ, ಎಷ್ಟೋ ಮನೆಯವರು ಹೆಸರು ಹೇಳಲು ನಾಚುತ್ತಿದ್ದರು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ದೊಡ್ಡ ಬಯಲಿನಲ್ಲಿ ಅದನ್ನು ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000 ಇವೆ, ಒಟ್ಟು ತೂಕ 54 ಟನ್.

ಇದರಲ್ಲಿ ನಾವು ಕಲಿಯಬೇಕಾದದ್ದು ಅಳತೆ. ಅಳತೆ ಮಾತ್ರ ಕಟ್ಟುನಿಟ್ಟು, ಅದರೊಳಗೆ ಏನು ಬೇಕಾದರೂ ಮಾಡಿ. ಸತ್ತವನ ಅಂಗಿ ಹೊಲಿದವರಿದ್ದಾರೆ, ಜೀನ್ಸ್ ಹೊಲಿದವರಿದ್ದಾರೆ, ಗೊಂಬೆ ಹೊಲಿದವರಿದ್ದಾರೆ, ಬಣ್ಣದಲ್ಲಿ ಸೊಟ್ಟಗೆ ಹೆಸರು ಬರೆದವರಿದ್ದಾರೆ. ಚೆಂದ ಹೊಲಿದದ್ದೂ ಸೊಟ್ಟಗೆ ಹೊಲಿದದ್ದೂ ಅಕ್ಕಪಕ್ಕ, ಒಂದೇ ಅಳತೆ. ಮಗನನ್ನು ಮನೆಗೆ ಸೇರಿಸದಿದ್ದ ಮನೆಯವರಿರಬಹುದು, ಅವನನ್ನು ಕೊನೆತನಕ ನೋಡಿಕೊಂಡ ಸಂಗಾತಿಯಿರಬಹುದು, ಒಂದು ತುಂಡಿನ ಮೇಲೆ ಇಬ್ಬರಿಗೂ ಸಮ ಅಧಿಕಾರ. ನಿಮ್ಮ ಹತ್ತು ಪ್ರತಿಭಾವಂತರನ್ನು ತೆಗೆಯಬೇಡಿ ಪಾಪ, ಅವರಿಗೂ ಅದೇ ಮೂರಡಿ ಕೊಡಿ. ಇನ್ನೊಂದು, "ಆಯ್ಕೆಯಾದ ಉತ್ತಮ ಕೃತಿಗಳು" ಅಂತ ಬೋರ್ಡು ಹಾಕಿದ ದಿನ ನಿಮ್ಮ ಗುಂಪು ಮತ್ತೆ ಹತ್ತಕ್ಕೆ ಇಳಿಯುತ್ತದೆ. ಬಹುಮಾನ ಇಡಬೇಡಿ.

ಪ್ರಶ್ನೆ: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಯಾವ ಕಾರ್ಯಕ್ರಮಕ್ಕೆ ಕರೆದರೂ "ನಿಮ್ಮ ಕಷ್ಟ ಹೇಳಿ, ಎಲ್ಲರಿಗೂ ಸ್ಫೂರ್ತಿಯಾಗುತ್ತದೆ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ನನಗೆ ಹಾಸ್ಯ ಮಾಡುವ ಆಸೆ. ನನ್ನ ಕಣ್ಣಿನ ಬಗ್ಗೆ ಅಲ್ಲ, ನನ್ನ ಭಾವನ ಗೊರಕೆ ಬಗ್ಗೆ. ಜನ ನಗುತ್ತಾರಾ?

ನಿಮ್ಮ ಪತ್ರ ಓದಿ ನಾನು ನಕ್ಕೆ, ಗೊರಕೆ ಅನ್ನುವ ಪದಕ್ಕೇ.

ಆಸ್ಟ್ರೇಲಿಯಾದಲ್ಲಿ ಸ್ಟೆಲ್ಲಾ ಯಂಗ್ ಅಂತ ಒಬ್ಬರಿದ್ದರು. ಹಾಸ್ಯ ಕಲಾವಿದೆ, ಪತ್ರಕರ್ತೆ, ವೀಲ್‌ಚೇರ್ ಬಳಸುತ್ತಿದ್ದರು. 2014ರಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮುಂಚೆ, ಒಂದು ಭಾಷಣದಲ್ಲಿ ಈ ಸ್ಫೂರ್ತಿಯ ವ್ಯಾಪಾರವನ್ನು ಚೆನ್ನಾಗಿ ಝಾಡಿಸಿದರು. ಅವರಿಗೆ 15 ವರ್ಷ ಆಗಿದ್ದಾಗ ಊರಿನವರೊಬ್ಬರು ಸಾಧನೆ ಪ್ರಶಸ್ತಿಗೆ ಅವರ ಹೆಸರು ಸೂಚಿಸುತ್ತೇವೆ ಎಂದು ಮನೆಗೆ ಬಂದರಂತೆ. ಒಳ್ಳೆಯ ಮಾತು, ಆದರೆ ಅವಳು ಇನ್ನೂ ಸಾಧನೆ ಅಂತ ಏನೂ ಮಾಡಿಲ್ಲವಲ್ಲ ಎಂದು ಅಪ್ಪ ಅಮ್ಮ ಹೇಳಿ ಕಳಿಸಿದರಂತೆ. ಶಾಲೆಗೆ ಹೋಗುವುದು, ಶಾಲೆ ಬಿಟ್ಟ ಮೇಲೆ ಅಮ್ಮನ ಸಲೂನಿನಲ್ಲಿ ಕೆಲಸ ಮಾಡುವುದು, ಟಿವಿ ನೋಡುವುದು, ಇಷ್ಟೇ ಮಾಡುತ್ತಿದ್ದ ಹುಡುಗಿಗೆ ಪ್ರಶಸ್ತಿ. ಈ ಹೊಗಳಿಕೆಯ ಅಡಿಯಲ್ಲಿ "ನಿಮ್ಮಂಥವರಿಂದ ನಾವು ಇಷ್ಟನ್ನೂ ನಿರೀಕ್ಷಿಸಿರಲಿಲ್ಲ" ಅನ್ನುವ ಮಾತು ಅಡಗಿರುತ್ತದೆ. ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ, ಆದರೆ ಈ ಅಂಕಣ ಓದುವ ಸಂಘಟಕರು ಓದಿಕೊಳ್ಳಲಿ.

ಮುಂದಿನ ಸಲ ಫೋನ್ ಬಂದಾಗ ನೀವೇ ಕೇಳಿ: "ನನ್ನ ಕಥೆ ಬೇಡ, ಐದು ನಿಮಿಷ ಹಾಸ್ಯ ಕೊಡುತ್ತೇನೆ, ಆಗುತ್ತಾ?" ಕೆಲವರು ಆಮೇಲೆ ಹೇಳುತ್ತೇವೆ ಎಂದು ಫೋನ್ ಇಡುತ್ತಾರೆ, ಇಡಲಿ. ಒಪ್ಪಿದವರಿಗೆ ಇನ್ನೊಂದು ಷರತ್ತು ಹಾಕಿ, ಪರಿಚಯ ಮಾಡಿಕೊಡುವಾಗ ಕಣ್ಣಿನ ಮಾತು ಎತ್ತಬಾರದು ಅಂತ. ಎತ್ತಿದರೆ ಪ್ರೇಕ್ಷಕರು ಮೊದಲ ಎರಡು ನಿಮಿಷ ಅಯ್ಯೋ ಪಾಪ ಅನ್ನುತ್ತಾ ಕೂತಿರುತ್ತಾರೆ, ಗೊರಕೆಯ ಜೋಕಿಗೆ ನಗುವುದೇ ಇಲ್ಲ.

ಜನ ನಗುತ್ತಾರಾ ಅಂತ ಕೇಳಿದ್ದೀರಿ. ಅದು ಭಾವ ಹೇಗೆ ಗೊರಕೆ ಹೊಡೆಯುತ್ತಾರೆ ಅನ್ನುವುದರ ಮೇಲಿದೆ. ಐದು ನಿಮಿಷದ್ದು ಬರೆದು, ಇಲ್ಲವೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಗು ಬಂದರೆ ಬಂತು ಎನ್ನುತ್ತೇನೆ. ಬರದಿದ್ದರೆ ಬರಲಿಲ್ಲ ಅಂತಲೇ ಹೇಳಿ, ಎಲ್ಲಿ ಕತ್ತರಿಸಬೇಕು ಅಂತ ನಾನೂ ರೆಕಾರ್ಡ್ ಮಾಡಿ ವಾಪಸು ಕಳಿಸುತ್ತೇನೆ.